ಮ್ಯಾಲಿಂದು ನನಗ, ಕೆಳಗಿಂದು ಅವಗ

ಯಾದಗಿರಿಯಿಂದ ಶಹಾಪುರಕ್ಕೆ ಬರುವ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಮಾತಾಡಬಾರದು. ನಲವತ್ತಾರು ವರ್ಷ ಬದುಕಿ ನಾನು ಕಲಿತ ಪಾಠ ಇದು. ಮಾತಾಡಲೇಬೇಕಾದರೆ ದೋರನಹಳ್ಳಿ ದಾಟಿದ ಮೇಲೆ ಮಾತಾಡಬೇಕು. ಯಾಕೆಂದರೆ ದೋರನಹಳ್ಳಿಯಲ್ಲಿ ನನ್ನ ಸೋದರಮಾವ ಸಿದ್ರಾಮಪ್ಪನವರು ಇದ್ದಾರೆ, ಮತ್ತು ಆ ಬಸ್ಸಿನ ಅರ್ಧ ಸೀಟು ಯಾವಾಗಲೂ ಅವರ ಓಣಿಯವರದೇ.

ಆವತ್ತು ನಾನು ಯಾದಗಿರಿಗೆ ಹೋದದ್ದು ಎಲುಬಿನ ಡಾಕ್ಟರಿಗೆ ಸೊಂಟ ತೋರಿಸಲು. ಸೊಂಟ ಹಿಡಿದದ್ದು ನನ್ನ ತಮ್ಮ ಸುನೀಲಕುಮಾರನ ಡಬ್ಬಿಯಿಂದ. ಡಬ್ಬಿ ಅಂದರೆ ಗಿಟಾರಿನ ಆಂಪ್ಲಿಫೈಯರ್. ಸುನೀಲ ಹಗಲು ನನ್ನ ಜೊತೆ ಅಂಗಡಿಯಲ್ಲಿ ಪಂಪ್‌ಸೆಟ್ಟು, ಪೈಪು ಮಾರುತ್ತಾನೆ. ಮದುವೆ ಸೀಜನ್ನಿನಲ್ಲಿ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುತ್ತಾನೆ. ಹೈದರಾಬಾದಿನಿಂದ ಹಳೆಯದು ಕೊಂಡು ತಂದ ಆ ಡಬ್ಬಿಯಲ್ಲಿ ಎಲ್ಲವೂ ಒಂದೇ ಪೆಟ್ಟಿಗೆಯೊಳಗೆ. ಮೇಲೆ ದನಿ ಹೆಚ್ಚಿಸುವ ಮಷೀನು, ಅದರಲ್ಲಿ ಹಳೇ ರೇಡಿಯೊದಲ್ಲಿ ಇರುತ್ತಿದ್ದಂಥ ಗಾಜಿನ ವಾಲ್ವುಗಳು. ಕೆಳಗೆ ಎರಡು ಸ್ಪೀಕರು. ಇಂಥದ್ದಕ್ಕೆ ಕಾಂಬೊ ಅನ್ನುತ್ತಾರಂತೆ. ಮೂರು ಎಚ್‌ಪಿ ಮೋಟರನ್ನು ಒಬ್ಬನೇ ಎತ್ತಿ ಟಂಟಂ ಆಟೋದಲ್ಲಿ ಇಟ್ಟವನು ನಾನು. ಈ ಕಾಂಬೊ ನನ್ನನ್ನು ಮಲಗಿಸಿತು.

ಸುನೀಲನ ಡಬ್ಬಿಯನ್ನು ಸುನೀಲ ಯಾಕೆ ಎತ್ತಲಿಲ್ಲ ಎಂದು ನೀವು ಕೇಳಬಹುದು. ಅವನ ಕೈಗೆ ಕೊಟ್ಟರೆ ಬೀಳಿಸುತ್ತಾನೆ ಎಂದು ಪ್ರತಿ ಸಲ ನಾನೇ ಎತ್ತುತ್ತಿದ್ದೆ. ಅವನು ಹುಟ್ಟಿದಾಗಿನಿಂದ ಏನನ್ನೂ ಬೀಳಿಸಿದ್ದಿಲ್ಲ, ಅದು ಬೇರೆ ಮಾತು.

ಸಡಿಲಾಗಿದ್ದ ವಾಲ್ವು ಗಟ್ಟಿ ಮಾಡಿಸಲೆಂದು ಡಬ್ಬಿ ಆಗ ಸುರಪುರದಲ್ಲಿ, ರಿಪೇರಿ ಮಾಡುವ ಹಾಶಿಮನ ಹತ್ತಿರ ಇತ್ತು. ಬೇಕಿದ್ದರೆ ಇದನ್ನು ಎರಡು ಭಾಗ ಮಾಡಬಹುದು ಎಂದು ಅವನೇ ಹೇಳಿದ್ದ. ಮಷೀನಿಗೆ ಬೇರೆ ಪೆಟ್ಟಿಗೆ ಮಾಡಿಸಿದರೆ ಅದು ಹೆಡ್ಡು, ಉಳಿದದ್ದು ಕ್ಯಾಬಿನೆಟ್ಟು. ಇನ್ನು ಮೇಲೆ ಭಾರ ಎತ್ತಿದರೆ ಆಪರೇಷನ್ನೇ ಗತಿ ಎಂದು ಡಾಕ್ಟರು ಹೆದರಿಸಿ ಕಳಿಸಿದ್ದರು. ಬಸ್ಸಿನಲ್ಲಿ ಕೂತವನೇ ಹಾಶಿಮನಿಗೆ ಫೋನು ಹಚ್ಚಿದೆ.

“ಹಾಶಿಮ, ಇನ್ನ ಕೂಡಿ ಇರೂದು ಆಗಂಗಿಲ್ಲಪಾ. ಬ್ಯಾರೆ ಮಾಡಿಬಿಡು. ಮ್ಯಾಲಿಂದು ನನಗ, ಕೆಳಗಿಂದು ಅವಗ. ಏ, ಅವನ್ನೇನ್ ಕೇಳ್ತಿ? ನಾ ಹೇಳಾಕತ್ತೇನಲ್ಲ!”

ಮೇಲಿನ ಭಾಗ ನಾನು ಹೊರುತ್ತೇನೆ, ಕೆಳಗಿನದನ್ನು ಅವನು ಹೊರಲಿ ಎಂದು ನನ್ನ ಅರ್ಥ. ಬಸ್ಸಿನ ಸದ್ದು ಮೀರಿಸಲು ಒದರಿಯೇ ಹೇಳಿದೆ. ನಮ್ಮ ಮನೆ ಎರಡು ಅಂತಸ್ತಿನದು ಎಂಬುದು ಆಗ ನನಗೆ ಹೊಳೆಯಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಮಾವನ ಓಣಿಯ ಹನುಮಮ್ಮನಿಗೆ ಹೊಳೆಯಿತು.

ಹನುಮಮ್ಮ ದೋರನಹಳ್ಳಿಯಲ್ಲಿ ಇಳಿದಳು. ಬಸ್ಸು ಶಹಾಪುರ ಮುಟ್ಟುವಷ್ಟರಲ್ಲಿ ಮಾವನ ಫೋನು ಬಂತು.

“ನಾಗಣ್ಣ, ಮ್ಯಾಲಿನ ಮನಿ ನೀ ಇಟಗೊಂಡು ಕೆಳಗಿಂದು ಸುನೀಲಗ ಕೊಡ್ತೀಯಂತ, ಖರೆ ಏನು? ಬಾಂಡ್ ಬರಿಯೋ ಹಾಶಿಮಗ ಫೋನ್ ಹಚ್ಚಿದ್ದಿಯಂತ.”

ಶಹಾಪುರದ ತಹಸೀಲ್ ಕಚೇರಿಯ ಮುಂದೆ ಬಾಂಡ್ ಪೇಪರು ಬರೆಯುವ ಇನ್ನೊಬ್ಬ ಹಾಶಿಮ ಇದ್ದಾನೆ. ನನ್ನ ಗ್ರಹಚಾರಕ್ಕೆ ಇದ್ದಾನೆ.

“ಮಾವಾ, ಅದು ಸುನೀಲನ ಗಿಟಾರಿನ ಡಬ್ಬಿ ಮಾತು ರಿ. ಡಬ್ಬಿ ಎರಡ ಮಾಡಸಾಕತ್ತೇನಿ.”

ಮಾವ ಬಹಳ ಮರುಕದಿಂದ ಹೇಳಿದರು. “ಡಬ್ಬಿ. ಹೂಂ. ನಲವತ್ತ ಮನಿ ಬ್ಯಾರೆ ಮಾಡೀನಿ ನಾಗಣ್ಣ. ಮೊದಲ ದಿನ ಯಾರೂ ಮನಿ ಮಾತ ಅನ್ನಂಗಿಲ್ಲ. ಒಬ್ಬ ಎಮ್ಮಿ ಮಾತ ಅಂದ. ಒಬ್ಬ ನಳದ ಮಾತ ಅಂದ. ಗಿಟಾರ್ ಅಂದಾವ ನೀ ಒಬ್ಬನೇ. ಅಮಾಸಿ ಮುಗದ ಸೋಮವಾರ ಬರ್ತೀವಿ. ಅಲ್ಲಿತನಕ ಎರಡನೇ ಒಲಿ ಹೂಡಬ್ಯಾಡ್ರಿ.”

ನಮ್ಮ ಕಡೆ ಮನೆ ಒಡೆದಿದೆಯೋ ಇಲ್ಲವೋ ಎಂಬುದನ್ನು ಒಲೆ ಎಣಿಸಿ ಹೇಳುತ್ತಾರೆ. ಎರಡು ಒಲೆ ಹೊತ್ತಿದವೆಂದರೆ ಅಣ್ಣ ತಮ್ಮ ಬೇರೆ ಆದರು ಎಂದೇ ಲೆಕ್ಕ. ಗ್ಯಾಸು ಬಂದ ಮೇಲೂ ಈ ಲೆಕ್ಕ ಬದಲಾಗಿಲ್ಲ, ಬರ್ನರು ಮಾತ್ರ ಎಣಿಸುವುದಿಲ್ಲ.

ಮುಂದಿನ ಎಂಟು ದಿನ ಶಹಾಪುರ ನನ್ನ ಮಾನ ಕಳೆಯಿತು. ಮೋಟರು ಕೊಳ್ಳಲು ಬಂದವರು ಮೋಟರು ನೋಡದೆ ನನ್ನ ಮುಖ ನೋಡಿದರು. “ಹಿರಿಯಾವ ಆಗಿ ಹಿಂಗ ಮಾಡಬಾರ್ದಾಗಿತ್ತು” ಎಂದು ಬೀಡಿ ಅಂಗಡಿಯವನೂ ಬುದ್ಧಿ ಹೇಳಿದ. ಸುನೀಲನಿಗೆ ಮೂವತ್ತೆರಡಾದರೂ ಹೆಣ್ಣು ಸಿಕ್ಕಿರಲಿಲ್ಲ. ಕೆಳಗಿನ ಮನೆ ಪೂರ್ತಿ ಅವನದಂತೆ ಎಂಬ ಸುದ್ದಿಗೆ ಸುರಪುರದ ಕಡೆಯಿಂದ ಎರಡು ಸಂಬಂಧ ಬಂದವು. ನಮ್ಮವ್ವ ಶಿವಬಸಮ್ಮ ಯಾರ ಪಾಲಿಗೆ ಬರಬೇಕೆಂದು ತಾನೇ ಲೆಕ್ಕ ಹಾಕಿ, ಮೂರು ತಿಂಗಳು ಮೇಲೆ, ಮೂರು ತಿಂಗಳು ಕೆಳಗೆ ಎಂದು ತೀರ್ಮಾನಿಸಿ ಅಳುತ್ತ ಕುಂತಳು. ನನ್ನ ಹೆಂಡತಿ ಮಲ್ಲೇಶ್ವರಿ ಒಬ್ಬಳೇ ನನ್ನ ಮಾತು ನಂಬಿದಳು. ನಂಬಿದ್ದಕ್ಕೆ ಅವಳಿಗೆ ಸಂತೋಷವಾದಂತೆ ಕಾಣಲಿಲ್ಲ.

ಇಷ್ಟೆಲ್ಲ ನಡೆದರೂ ಸುನೀಲ ಯಾರಾದರೂ ನಕ್ಕರೆ ನಕ್ಕ, ಕೇಳಿದರೆ “ಅಣ್ಣಗ ಕೇಳ್ರಿ” ಅಂದ. ನನಗೆ ಅದೇ ಚುಚ್ಚತೊಡಗಿತು. ಅಪ್ಪ ತೀರಿಕೊಂಡಾಗ ಅವನಿಗೆ ಹನ್ನೊಂದು ವರ್ಷ. ಶಾಲೆಗೆ ಹಚ್ಚಿದ್ದು ನಾನು, ಅಂಗಡಿಗೆ ಕೂಡಿಸಿದ್ದು ನಾನು, ಅವನ ಅಂಗಿ ಬಣ್ಣ ಆರಿಸುವುದೂ ನಾನೇ. ಊರವರ ಮಾತಿಗೆ ನಾನು ಹೆದರುವವನಲ್ಲ. ಆದರೆ ಇಲ್ಲದ ಮಾತನ್ನು ಕೇಳಿ ಕೇಳಿ ಅವನಿಗೆ ಅದೇ ಸರಿ ಅನ್ನಿಸಿಬಿಟ್ಟರೆ? ಅವನಿಲ್ಲದ ಮನೆಯನ್ನು ನೆನೆದರೆ ನನಗೆ ಊಟ ಸೇರುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಸೋಮವಾರ ಮಾವ ಬಂದರು, ಜೊತೆಗೆ ಇಬ್ಬರು ಹಿರಿಯರು. ಒಬ್ಬರು ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂರುವವರು. ಇನ್ನೊಬ್ಬರಿಗೆ ಕಿವಿ ಮಂದ. ಅವರು ಯಾವ ಮಾತಿಗಾದರೂ “ಹಿಸ್ಸೆ ಬರೋಬ್ಬರಿ ಆಗಬೇಕು” ಅನ್ನುತ್ತಿದ್ದರು, ಅಂದರೆ ಪಾಲು ಸರಿಸಮ ಆಗಬೇಕು. ಮಾವ ಅಳೆಯಲು ಹಗ್ಗ ತಂದಿದ್ದರು. ಪಡಸಾಲೆಯಲ್ಲಿ ಜಮಖಾನೆ ಹಾಸಿ ನಾನು ಮತ್ತೆ ಡಬ್ಬಿಯ ಕಥೆ ಶುರು ಮಾಡಿದೆ. ಮಾವ ಕೈ ಎತ್ತಿ ತಡೆದರು. ಅಷ್ಟರಲ್ಲಿ ಹೊರಗೆ ಟಂಟಂ ನಿಂತಿತು, ಸುರಪುರದ ಹಾಶಿಮ ಒಳಗೆ ಬಂದ.

ಇಲ್ಲಿ ಒಂದು ಮಾತು ಹೇಳಬೇಕು. ಹಾಶಿಮ ಮನೆಯಲ್ಲಿ ದಖನಿ ಮಾತಾಡುವವನು. ಕನ್ನಡಕ್ಕೆ ಬಂದರೆ ಅವನ ಬಾಯಲ್ಲಿ ‘ಅದು’ ಎಂಬುದು ಹುಟ್ಟುವುದೇ ಇಲ್ಲ. ಸ್ಪೀಕರೂ ‘ಅವ’, ಸ್ಕ್ರೂನೂ ‘ಅವ’. ನನಗೆ ನಗುವ ಹಕ್ಕಿಲ್ಲ, ನನ್ನ ಉರ್ದು ಕೇಳಿದರೆ ಅವನ ಹೆಂಡತಿ ಅನ್ವರಬಿ ಒಳಗೆ ಹೋಗಿ ಬಾಯಿಗೆ ಸೆರಗು ಹಿಡಿದುಕೊಳ್ಳುತ್ತಾಳೆ.

“ಬಾ ಹಾಶಿಮ, ನಿನ್ನ ದಾರೀನೇ ನೋಡಾಕತ್ತಿದ್ವಿ,” ಅಂದರು ಮಾವ, ಬಾಂಡ್ ಬರೆಯುವವನೇ ಬಂದನೆಂದು ತಿಳಿದು. “ಖರೆ ಹೇಳು. ಬ್ಯಾರೆ ಮಾಡೂ ಹೊತ್ತು ಯಾಕ ಬಂತು?”

ಕೆಲಸದ ಬಗ್ಗೆ ಇಷ್ಟು ಗೌರವದಿಂದ ಹಾಶಿಮನನ್ನು ಇದುವರೆಗೆ ಯಾರೂ ಕೇಳಿರಲಿಲ್ಲ. ಅವನು ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಂತ.

“ಒಂದೇ ಪೆಟಗ್ಯಾಗ ಇಬ್ರನ್ನೂ ಇಟ್ರ ಹಿಂಗೇ ಆಗ್ತದ್ರಿ. ಕೆಳಗಿನಾವ ಒದರಿದಾಗೆಲ್ಲ ಮ್ಯಾಲಿನಾವ ನಡಗ್ತಾನ. ನಡಗಿ ನಡಗಿ ಅವನ ವಾಲ್ವ್ ಸಡಲ ಆಗ್ಯಾವ.”

ಮಾವ ನನ್ನ ಕಡೆ ತಿರುಗಿದರು, ಕಣ್ಣಲ್ಲಿ ನೀರು. “ಹಾರ್ಟಿನ ವಾಲ್ವೇನೋ? ಡಾಕ್ಟರ್ ಕಡಿ ಹೋಗಿದ್ದಿ ಅಂತ ಹನುಮಮ್ಮ ಅಂದ್ಳು. ನಾ ಸೊಂಟ ಅನಕೊಂಡಿದ್ದೆ.”

“ಸೊಂಟಾನೇ ರಿ ಮಾವಾ!” ಅಂದೆ. ಒಳಗಿನಿಂದ ಅವ್ವನ ಅಳು ಕೇಳಿಸಿತು.

“ಮ್ಯಾಲಿನಾವ ಭಾಳ ಬಿಸಿ ರಿ,” ಹಾಶಿಮ ಮುಂದುವರಿಸಿದ. “ಹತ್ತ ಮಿನಿಟಿನಾಗ ಕೈ ಹಚ್ಚಾಕ ಆಗಂಗಿಲ್ಲ.”

ಹಿರಿಯರು ತಲೆಯಾಡಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಲ್ಲೇಶ್ವರಿ ಎಲ್ಲರಿಗಿಂತ ಜಾಸ್ತಿ ತಲೆಯಾಡಿಸಿದಳು.

“ಮತ್ತ ಕೆಳಗಿನಾವ?” ಮಾವ ಕೇಳಿದರು.

“ಕೆಳಗಿನಾವಂದು ಏನೂ ಇಲ್ರಿ ಪಾಪ. ಮ್ಯಾಲಿನಾವ ಏನ್ ಕೊಡ್ತಾನ ಅಷ್ಟೇ ಹೊರಗ ಹಾಕ್ತಾನ. ತನ್ನದು ಅಂಬೋದು ಒಂದ್ ದನಿ ಸುದ್ದಾ ಇಲ್ಲ.”

ಅಲ್ಲಿಯವರೆಗೆ ಗೋಡೆಗೆ ಒರಗಿ ಉಗುರು ನೋಡುತ್ತಿದ್ದ ಸುನೀಲ ತಲೆ ಎತ್ತಿದ.

“ಬ್ಯಾರೆ ಇಟ್ರ ಇಬ್ರೂ ಚಲೋ ಇರ್ತಾರ,” ಹಾಶಿಮ ಅಂದ. “ಆದ್ರ ನಡುವ ದಪ್ಪಂದು ಒಂದ್ ವೈರ್ ಇರಬೇಕು. ವೈರ್ ಇಲ್ದ ಮ್ಯಾಲಿನಾವನ್ನ ಚಾಲೂ ಮಾಡಿದ್ರ ಸುಟ್ಟ ಹೋಗ್ತಾನ. ಹೊರಗ ಕಾಣಂಗಿಲ್ಲ, ಒಳಗಿಂದೊಳಗ ಸುಡ್ತಾನ.”

“ಹಿಸ್ಸೆ ಬರೋಬ್ಬರಿ ಆಗಬೇಕು,” ಅಂದರು ಕಿವಿ ಮಂದದ ಹಿರಿಯರು.

“ಕಾಗದ ಎಲ್ಲಿ?” ಮಾವ ಕೇಳಿದರು.

“ಕಾಗದ ಯಾಕ್ರಿ?” ಹಾಶಿಮನಿಗೆ ಆಶ್ಚರ್ಯ. “ಇಬ್ರೂ ಹೊರಗ ಟಂಟಂನಾಗ ಕುಂತಾರ.”

ಎಲ್ಲರೂ ಎದ್ದು ಹೊರಗೆ ಹೋದೆವು. ಟಂಟಂನ ಹಿಂದಿನ ಸೀಟಿನಲ್ಲಿ ಇಬ್ಬರೂ ಕುಂತಿದ್ದರು. ಒಂದು ಅಗಲವಾದ, ಗಿಡ್ಡ ಪೆಟ್ಟಿಗೆ. ಸುಲ್ತಾನಸಾಬ ಬಡಿಗನ ಕೈಯಲ್ಲಿ ಹೊಸದಾಗಿ ತಯಾರಾದ ಹೆಡ್ಡು. ಇನ್ನೊಂದು ಹಳೆಯ ಡಬ್ಬಿ; ಮಷೀನು ಕಿತ್ತ ಕಂಡಿಗೆ ಹಲಗೆ ಬಡಿದಿತ್ತು. ಮಾವ ಎರಡನ್ನೂ ಬಹಳ ಹೊತ್ತು ನೋಡಿದರು. ನಾನು ಅವರನ್ನು ನೋಡಿದೆ. ಸುಳ್ಳಲ್ಲ, ಎಂಟು ದಿನದಲ್ಲಿ ಮೊದಲ ಸಲ ನನಗೆ ಹೊಟ್ಟೆ ತಣ್ಣಗಾಯಿತು.

ಆದರೆ ಮಾವ ಖಾಲಿ ಕೈಯಲ್ಲಿ ಊರಿಗೆ ಹೋಗುವ ಪೈಕಿ ಅಲ್ಲ. “ಡಬ್ಬಿ ಅಂದ್ರ ಡಬ್ಬಿ,” ಅಂದರು. “ಹಿರ್ಯಾರು ಕುಂತ ಜಾಗಾದಾಗ ಏನರೆ ಹಿಸ್ಸೆ ಆಗಬೇಕು. ಹಂಗೇ ಎದ್ರ ಮನೀಗಿ ಚಲೋ ಅಲ್ಲ.” ಇಂಥ ಪದ್ಧತಿ ನಾನು ಎಲ್ಲೂ ಕೇಳಿದ್ದಿಲ್ಲ. ಅಂಗಳದಿಂದ ಪಡಸಾಲೆಗೆ ಬರುವಷ್ಟರಲ್ಲಿ ಮಾವನೇ ಹುಟ್ಟಿಸಿದರೆಂದು ನನ್ನ ಅನುಮಾನ. ಆದರೂ ಪೆಟ್ಟಿಗೆ ಎರಡನ್ನೂ ತಂದು ಜಮಖಾನೆಯ ಮೇಲೆ ಇಡಲಾಯಿತು.

ದೊಡ್ಡವನು ಪಾಲು ಹಾಕಬೇಕು, ಸಣ್ಣವನು ಆರಿಸಿಕೊಳ್ಳಬೇಕು. ಇದು ಮಾತ್ರ ಹಳೆಯ ಕಟ್ಟಳೆ. ನಾನು ಹೆಡ್ಡನ್ನು ಎಡಕ್ಕೆ ಸರಿಸಿದೆ, ಕ್ಯಾಬಿನೆಟ್ಟನ್ನು ಬಲಕ್ಕೆ. ಸುನೀಲ ಮಷೀನಿಗೇ ಕೈ ಹಾಕುತ್ತಾನೆ ಎಂದುಕೊಂಡಿದ್ದೆ, ಗಿಟಾರಿಗೆ ಬೇಕಾದ ಗುಂಡಿಗಳೆಲ್ಲ ಅದರಲ್ಲೇ ಇವೆ. ಅವನು ಸ್ಪೀಕರಿನ ಪೆಟ್ಟಿಗೆಯ ಮೇಲೆ ಕೈ ಇಟ್ಟ.

“ನನಗ ಇದಾ ಇರಲಿ,” ಅಂದ. “ತಲಿ ಅಣ್ಣಂದೇ ಇರಲಿ. ಈ ಮನ್ಯಾಗ ಯಾವತ್ತ ಬ್ಯಾರೆಯವರದು ಇತ್ತು?”

ಹಾಶಿಮ ನಕ್ಕ. ಬೇರೆ ಯಾರೂ ನಗಲಿಲ್ಲ ಎಂದು ಗೊತ್ತಾಗಿ ನಿಲ್ಲಿಸಿದ.

ಆಮೇಲೆ ವೈರಿನ ಪ್ರಶ್ನೆ ಬಂತು. ಮೊಳದುದ್ದದ ಕರಿ ವೈರು, ಒಂದು ತುದಿ ಹೆಡ್ಡಿಗೆ, ಒಂದು ತುದಿ ಕ್ಯಾಬಿನೆಟ್ಟಿಗೆ. ಅದು ಯಾರದು? ತಲೆಯಿಂದ ಹುಟ್ಟುತ್ತದೆ, ಹಾಗಾಗಿ ದೊಡ್ಡವನದು ಎಂದು ಮಾವ. ಸುಮ್ಮನೆ ಕೂರುವ ಹಿರಿಯರು ಮೊದಲ ಸಲ ಬಾಯಿ ತೆರೆದು, ನೀರು ಎಲ್ಲಿಗೆ ಹರಿಯುತ್ತದೋ ಕಾಲುವೆ ಆ ಹೊಲದವನದು, ಹಾಗಾಗಿ ಸಣ್ಣವನದು ಎಂದರು. ನಡುವೆ ಕೊಯ್ದು ಅರ್ಧರ್ಧ ಕೊಡಿ ಎಂದು ಮೂರನೆಯವರು. ಹಿಸ್ಸೆ ಬರೋಬ್ಬರಿ ಆಗಬೇಕಲ್ಲ. ಹಾಶಿಮ ವೈರನ್ನು ಎದೆಗೆ ಅವಚಿಕೊಂಡ. ಎರಡು ಸುತ್ತು ಚಹಾ ಮುಗಿದ ಮೇಲೆ, ಬಾವಿ, ಕಣ, ಬೇವಿನ ಗಿಡ ಹೇಗೆ ಜಂಟಿ ಉಳಿಯುತ್ತವೋ ಹಾಗೆ ವೈರೂ ಜಂಟಿ ಎಂದು ಫೈಸಲಾ ಆಯಿತು. ಮಾವ ಅದನ್ನು ಕ್ಯಾಲೆಂಡರಿನ ಹಿಂದೆ ಬರೆಸಿದರು.

ಕೊನೆಗೆ ರೂಢಿಯ ಮಾತು ಉಳಿದಿತ್ತು. “ಸುನೀಲ, ಸಮಾಧಾನ ಆಯ್ತೇನಪಾ? ನಿನಗ ಮತ್ತೇನರೆ ಬೇಕೇನು?”

ಇದಕ್ಕೆ “ಆಯ್ತ್ರಿ ಮಾವಾ” ಅನ್ನಬೇಕು, ಎಲೆ ಅಡಿಕೆ ಹಂಚಬೇಕು, ಏಳಬೇಕು. ಸುನೀಲ ಬಾಯಿ ತೆರೆಯಲಿಲ್ಲ.

ನಾನು ಇಪ್ಪತ್ತು ವರ್ಷದಿಂದ ಬೋರಿಗೆ ಮೋಟರು ಇಳಿಸುವವನು. ಗುಂಡಿ ಒತ್ತಿದ ಮೇಲೆ ನೀರು ಬಾಯಿಗೆ ಬರಲು ಹಿಡಿಯುವ ಹೊತ್ತಿನ ಮೇಲೆ ನೀರು ಎಷ್ಟು ಆಳದಲ್ಲಿದೆ ಎಂದು ಹೇಳಬಲ್ಲೆ. ತಮ್ಮನ ಮಾತು ಬಹಳ ಆಳದಿಂದ ಬರುತ್ತಿತ್ತು.

“ಇದನ್ನ ಕೊಯ್ಯಂತ ನಾ ಹೇಳಿದ್ದಿಲ್ರಿ ಮಾವಾ,” ಅಂದ ಅವನು. “ಕೂಡೇ ಇದ್ದಾಗ ಅದರ ದನಿ ನನಗ ಸೇರ್ತಿತ್ತು. ಯಾರೂ ನನ್ನ ಕೇಳ್ಲಿಲ್ಲ.”

“ನನ್ನ ಸೊಂಟ—”

“ಎತ್ತು ಅಂತ ನಾ ಅಂದಿದ್ದಿಲ್ಲಣ್ಣಾ. ಕೊಡು, ನಾ ಎತ್ತತೀನಿ ಅಂತ ಪ್ರತಿ ಸಲ ಅಂದೀನಿ.”

ಸಿಟ್ಟು ಬಂತು. ಇಷ್ಟು ಜನರ ಮುಂದೆ, ಅದೂ ನಾನು ಹೊಟ್ಟೆ ಕಟ್ಟಿ ಸಾಕಿದವನು! ಆದರೆ ಅವನು ಅಂದದ್ದು ಖರೆ ಇತ್ತು. ಅವನು ಪ್ರತಿ ಸಲ ಅಂದಿದ್ದ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಎಂಟು ದಿನದಿಂದ ಒಳಗೇ ಇಟ್ಟುಕೊಂಡದ್ದನ್ನು ಕೇಳಿಯೇ ಬಿಟ್ಟೆ.

“ಹಂಗಾರ ನಿನಗ ಬೇಕಾಗಿದ್ದು ಏನು, ಸುನೀಲ? ಬ್ಯಾರೆ ಆಗೂದೇನು?”

ಅವನು ನನ್ನನ್ನೇ ನೋಡಿದ. ಅಳುವವನಂತೆ ಇದ್ದ, ಅಳಲಿಲ್ಲ.

“ನನಗ ಬ್ಯಾರೆ ಒಲಿ ಬ್ಯಾಡಣ್ಣಾ,” ಅಂದ. “ಬ್ಯಾರೆ ಕೀಲಿ ಬೇಕು.”

“ಒಲಿ ಅಂದನೇನು?” ಕಿವಿ ಮಂದದ ಹಿರಿಯರು ಕೇಳಿದರು.

“ಕೀಲಿ, ಕೀಲಿ!” ಮಾವ ಅವರ ಕಿವಿಯಲ್ಲಿ ಒದರಿದರು. ನಂತರ ಸುನೀಲನಿಗೆ, “ಎದರ ಕೀಲಿ?”

“ಒಂದ್ ಖೋಲಿದು. ಊಟ ಕೂಡೇ ಮಾಡೋಣ, ಅಂಗಡಿ ಕೂಡೇ ನೋಡೋಣ. ಆದ್ರ ನನ್ನ ಖೋಲಿಗೆ ಒಂದ್ ಕೀಲಿ ಇರಬೇಕು. ಯಾರೇ ಬಂದ್ರೂ ಬಾಗಲಾ ಬಡದ ಬರಬೇಕು.”

ನಲವತ್ತು ಮನೆ ಒಡೆದ ಮಾವ ನಿಬ್ಬೆರಗಾಗಿ ಕುಂತರು. ಹೊಲ, ಎತ್ತು, ಬಂಗಾರ, ಮುದುಕಿಯ ಹಾಸಿಗೆ, ಎಲ್ಲದರ ಹಿಸ್ಸೆ ಅವರಿಗೆ ಗೊತ್ತಿತ್ತು. ಬಾಗಿಲು ಬಡಿಯುವುದನ್ನು ಯಾವ ಹಗ್ಗದಲ್ಲಿ ಅಳೆಯಬೇಕು ಎಂಬುದು ಗೊತ್ತಿರಲಿಲ್ಲ. ಕ್ಯಾಲೆಂಡರಿನ ಹಿಂದೆ ಜಾಗವೂ ಉಳಿದಿರಲಿಲ್ಲ. “ಆಯ್ತು,” ಅಂದೆ ನಾನು. ಅಷ್ಟು ಸಣ್ಣ ದನಿ ನನಗೂ ಇದೆ ಎಂದು ನನಗೆ ಆಗಲೇ ಗೊತ್ತಾದದ್ದು.

ಹಿರಿಯರು ಉಂಡು ಹೊರಟರು. ಮಧ್ಯಾಹ್ನ ಮೇಲಿನ ಕೋಣೆಯಲ್ಲಿ ತುಂಬಿದ್ದ ಅಂಗಡಿಯ ಪೈಪುಗಳನ್ನೆಲ್ಲ ಸುನೀಲ ಒಬ್ಬನೇ ಇಳಿಸಿದ. ಪೇಟೆಗೆ ಹೋಗಿ ಬೀಗ ಕೀಲಿ ತಂದ. ಆಮೇಲೆ ಕ್ಯಾಬಿನೆಟ್ಟನ್ನು ಮೇಲೆ ಒಯ್ದ, ಗಿಟಾರು ಒಯ್ದ, ಜಂಟಿ ವೈರನ್ನೂ ಒಯ್ದು ಬಾಗಿಲು ಹಾಕಿಕೊಂಡ. ಹೆಡ್ಡು ಪಡಸಾಲೆಯಲ್ಲೇ ಉಳಿಯಿತು, ಅದು ನನ್ನ ಹಿಸ್ಸೆ. ಅದಿಲ್ಲದೆ ಹೇಗೆ ಬಾರಿಸುತ್ತಾನೆ, ಕರೆದೇ ಕರೆಯುತ್ತಾನೆ ಎಂದು ಅದರ ಪಕ್ಕದಲ್ಲಿ ಅರ್ಧ ತಾಸು ಕುಂತೆ. ಕರೆಯಲಿಲ್ಲ.

ಸೊಂಟದ ಪಟ್ಟಿ ಬಿಗಿದುಕೊಂಡೆ. “ಡಾಕ್ಟರ್ ಏನಂದಾರ?” ಎಂದು ಮಲ್ಲೇಶ್ವರಿ ಒದರಿದಳು. ಹೆಡ್ಡನ್ನು ಎದೆಗೆ ಅವಚಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದೆ. ರೂಢಿಯಂತೆ ಬಾಗಿಲನ್ನು ಕಾಲಿನಿಂದ ನೂಕಲು ಹೋದವನು ನಿಂತೆ. ಈ ಮೇಲಿನ ಮನೆ ಕಟ್ಟಿಸಿದವನು ನಾನು. ಇದರ ಯಾವ ಬಾಗಿಲನ್ನೂ ನಾನು ಬಡಿದಿರಲಿಲ್ಲ. ಎರಡೂ ಕೈ ತುಂಬಿದ್ದವು. ಬೇರೆ ದಾರಿ ಇರಲಿಲ್ಲ, ಹಣೆಯಿಂದ ಬಡಿದೆ.

“ಯಾರು?”

ಯಾರು ಅಂತೆ! ಬೈಗುಳ ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ನಾ, ನಾಗಣ್ಣ,” ಅಂದೆ. “ಒಳಗ ಬರಲೇನು?”

ಒಳಗೆ ಏನೋ ಸರಿಸಿದ ಸದ್ದಾಯಿತು. “ಒಂದ್ ಮಿನಿಟ್ ನಿಂದ್ರಣ್ಣಾ,” ಅಂದ.

ಸೊಂಟ ಉರಿಯುತ್ತಿತ್ತು, ಹೆಡ್ಡು ಕೈಯಿಂದ ಜಾರುತ್ತಿತ್ತು. ಆ ಹುಡುಗನಿಗೆ ಹನ್ನೊಂದು ವರ್ಷವಾದಾಗಿನಿಂದ ಅವನಿಗಾಗಿ ನಾನು ಏನೇನೋ ಮಾಡಿದ್ದೆ. ಅವನಿಗಾಗಿ ಕಾದು ನಿಂತದ್ದು ಮಾತ್ರ ಅದೇ ಮೊದಲು.